ಕೆಂಪು ಕಪ್ಪಿಯ ಉಸಿರು

ನಗೋದಿದ್ದರ ಈಗ ನಕ್ಕು ಮುಗಸ್ರಿ. ನಡುವ ಯಾರರೆ ಕಿಸಕ್ ಅಂದ್ರ ನಾ ಎದ್ದು ಒಳಗ ಹೋಗಾಕಿ, ಮೊದಲ ಹೇಳೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಮಗ್ಗಲ ಮನಿ ಗಂಗಾಂಬಿಕಾಗ ಆದದ್ದು. ಇಲ್ಲೇ, ಮಕ್ತಲದಾಗ. ತೆಲಂಗಾಣ ಬಂದು, ಆಮ್ಯಾಲ ನಾರಾಯಣಪೇಟೆ ಬ್ಯಾರೆ ಜಿಲ್ಲಾ ಆತಲ್ಲ, ಆ ವರ್ಷದ ಚಳಿಗಾಲ.

ಆವತ್ತು ಗಂಗಾಂಬಿಕಾ ನಡಕೊಂತ ಬರತಿದ್ದಳು. ರಾತ್ರಿ. ಒಬ್ಬಾಕಿನ. ಊರ ಹೊರಗ ನಾರಾಯಣಪೇಟೆ ರೋಡಿಗೆ ಸಿದ್ದರಾಮೇಶ ಅನ್ನಾವನ ಗ್ಯಾರೇಜ್ ಐತಿ, ಅಲ್ಲಿಂದ ಊರಾಗಿನ ಮನಿಗೆ. ನಡುವ ಗೋಸಾಯಿ ಬಾವಿ. ಬಾವಿ ಮ್ಯಾಲ ಬಗ್ಗಿದ ಆಲದ ಮರ. ಹೊತ್ತು ಮುಣಗಿದ ಮ್ಯಾಲ ಆ ದಾರಿಗೆ ಗಂಡಸ್ರೂ ಒಬ್ಬೊಬ್ಬರ ಬರಂಗಿಲ್ಲ. ಆಕಿಗೆ ಆವತ್ತು ಅಂಜಿಕಿ ಇರಲಿಲ್ಲ. ಎದಿ ತುಂಬ ಸಿಟ್ಟಿದ್ದಾಗ ಅಂಜಿಕಿಗೆ ಜಾಗ ಎಲ್ಲೈತ್ರೀ?

ಬಾವಿ ಹತ್ರ ಬಂದಳು. ನಿಂತಳು.

ಹೂಂ... ಹೂಂಊಂ... ಹೂಂ...

ಇಂಜಿನ್ ಸಪ್ಪಳ. ಲಾರಿದಲ್ಲ, ಟ್ರ್ಯಾಕ್ಟರಿಂದೂ ಅಲ್ಲ. ತೆಳ್ಳಗ. ಅದರ ಜೋಡಿ ಸಿಂಯ್ಯ್ ಅಂತ ಒಂದು ಸಣ್ಣ ಸೀಟಿ. ಏರತೈತಿ... ಇಳೀತೈತಿ... ಮತ್ತ ಏರತೈತಿ. ಆಕಿ ಹಿಂದ ನೋಡಿದಳು, ಮುಂದ ನೋಡಿದಳು. ರೋಡಿನ ಮ್ಯಾಲ ಒಂದು ಸೈಕಲ್ಲೂ ಇರಲಿಲ್ಲ. ಬೆಳಕೂ ಇರಲಿಲ್ಲ. ಸಪ್ಪಳ ಮಾತ್ರ ಆಲದ ಮರದ ಬುಡದಿಂದ ಬರತಿತ್ತು.

ಆ ಸಪ್ಪಳ ಆಕಿಗೆ ಗುರ್ತಿತ್ತು. ತೀರಿಹೋದ ತಮ್ಮನ ಕಾರಿಂದು.

ಈಗ ಆ ತಮ್ಮನ ಮಾತು ಹೇಳತೀನಿ, ಕೇಳ್ರಿ. ಗುರುಪ್ರಸಾದ ಅಂತ. ಹತ್ತಿ ಮಿಲ್ಲಿನ ಹಂಪಣ್ಣಗ ಒಬ್ಬನ ಮಗ. ಹೈದರಾಬಾದಿನ್ಯಾಗ ಹಳೀ ಕಾರ್ ಮಾರೋರ ಕಡೆ ನಾಕೈದು ವರ್ಷ ದುಡದು ಮಿಲ್ ನೋಡಕೊಳ್ಳಾಕ ತಿರುಗಿ ಬಂದ. ಬರೋವಾಗ ಒಬ್ಬ ಸೊಸಿನ ತರತಾನ ಅಂತ ಅವರವ್ವ ಚನ್ನವೀರಮ್ಮ ಬಾಗಲಿಗೆ ಕಣ್ಣು ಹಚ್ಚಿ ಕುಂತಿದ್ದಳು. ಪುಣ್ಯಾತ್ಮ ತಂದದ್ದು ಕಾರ್! ವಿದೇಶದ್ದು, ಎರಡ ಬಾಗಲದ್ದು, ಕೆಂಪ ಕೆಂಪಂದು. ನೆಲಕ್ಕ ಹೊಟ್ಟಿ ಹಚ್ಚಿ ಕುಂದ್ರತಿತ್ತು. ಊರ ಹುಡುಗೋರು ಅದಕ ಕೆಂಪು ಕಪ್ಪಿ ಅಂತ ಹೆಸರಿಟ್ಟರು. ಅದರಾಗ ಟರ್ಬೊ ಅಂತ ಒಂದೈತಂತ. ಇಂಜಿನ್ನಿಗೆ ಗಾಳಿ ತುರುಕಿ ತುರುಕಿ ತುಂಬೋ ಫಂಕಾ. ಸಿಂಯ್ಯ್ ಅನ್ನೋದು ಅದನ.

ಕಾರ್ ಬಂದ ಮೊದಲ ಅಮಾಸಿಗೆ ಪೂಜಿ ಮಾಡಿ ದೃಷ್ಟಿ ತಗದರು, ಅದಾಗಿ ಎಂಟ ದಿನ ಆಗಿತ್ತು. ಅದಕ್ಕೊಂದು ಬ್ಯಾನಿ ಸುರು ಆತು. ಗಂಗಾಂಬಿಕಾನ್ನ ಕೊಟ್ಟದ್ದು ಗದ್ವಾಲಿಗೆ. ಗುರು ಅಲ್ಲಿಗೆ ಫೋನ್ ಮಾಡಿ ಹೇಳತಿದ್ದ. "ಅಕ್ಕಾ, ನಿಂತಾಗ ಬರಾಬರ್ ಐತಿ. ಜೋರ ಒತ್ತಿದ್ರೂ ಬರಾಬರ್. ಒಂದ ಸಮ ಹೊಂಟಾಗ ಮಾತ್ರ... ನಾ ಕಾಲು ಅಲ್ಲಾಡಸಂಗಿಲ್ಲ, ಮೀಟರಿನ ಮುಳ್ಳು ತಾನ ಏರಿ ತಾನ ಇಳೀತೈತಿ. ಸ್ವಲ್ಪನ. ಬ್ಯಾರೆಯವರಿಗಿ ಗೊತ್ತೂ ಆಗಂಗಿಲ್ಲ. ನನಗ ಗೊತ್ತಾಗತೈತಿ."

ಸಿದ್ದರಾಮೇಶನ ಗ್ಯಾರೇಜಿಗೆ ಒಯ್ದ. ಅಂವೇನು ಸಾದಾ ಮನಿಶ್ಯಾ ಅಲ್ಲ. ಪಟ್ಟಣದಾಗ ಟ್ರೇನಿಂಗ್ ಆದವ, ಗ್ವಾಡಿಗೆ ಸರ್ಟಿಫಿಕೇಟ್ ಹಾಕ್ಯಾನ. ಕಂಪ್ಯೂಟರ್ ಹಚ್ಚಿದ, ತಪ್ಪು ತೋರಸಲಿಲ್ಲ. ಪ್ಲಗ್ ಬದಲಿ ಮಾಡಿದ. ರಬ್ಬರ್ ಪೈಪಿಗೆಲ್ಲಾ ಸಬಕಾರ ನೀರು ಬಳದು ಎಲ್ಲಿ ಗುಳ್ಳಿ ಏಳತಾವ ಅಂತ ನೋಡಿದ. ಎಲ್ಲೂ ಸೋರಲಿಲ್ಲ. "ಗಾಳಿ ಹೋಗೋ ಡಬ್ಬಿ ಸೈತ ಬಿಚ್ಚಿ ನೋಡೀನಿ, ಒಳಗ ಕನ್ನಡಿಯಂಗ ಸ್ವಚ್ಛ ಐತಿ" ಅಂದ. ಗುರು ಒಪ್ಪಲಿಲ್ಲ. ಮತ್ತ ಮತ್ತ ಹೋದ. ಆಗ ಸಿದ್ದರಾಮೇಶ ನಾಕ ಮಂದಿ ಮುಂದ ನಕ್ಕಂತ, "ಸಂಶಯದ ರೋಗಕ್ಕ ನಮ್ಮ ಗ್ಯಾರೇಜಿನ್ಯಾಗ ಔಷಧ ಇಲ್ಲೋ ತಮ್ಮಾ" ಅಂತ. ಅಂಥವನ ಬಾಯಿಗೆ ಮಣ್ಣ ಬೀಳಲಿ.

ಆವತ್ತ ಸಂಜಿಕೆ ಗುರು ಗಾಡಿ ತಗೊಂಡು ನಾರಾಯಣಪೇಟೆ ಕಡೆ ಹೋದ, ತಿರುಗಿ ಬಂದ. ಬರೋವಾಗ ಗೋಸಾಯಿ ಬಾವಿ ಹತ್ರ ನಿಲ್ಲಿಸಿ ಬಾನೆಟ್ ಎತ್ತಿ, ರೋಡಿನ ಮಗ್ಗಲಿಂದ ಬಗ್ಗಿ ಕಿವಿ ಇಟ್ಟು ನಿಂತಿದ್ದ. ಹಿಂದಿಂದ ಒಂದು ಲಾರಿ ಬಂತು. ಅಂವನ್ನ ಎಳಕೊಂಡು ಹೋತು. ಕಾರಿಗೆ ಒಂದು ಗೀರೂ ಬೀಳಲಿಲ್ಲ ನೋಡ್ರಿ.

ಮಣ್ಣ ಕೊಟ್ಟು ಬಂದು ಇನ್ನೂ ಕಾಲು ತೊಳದಿರಲಿಲ್ಲ, ಸಿದ್ದರಾಮೇಶ ಚಾದ ಅಂಗಡ್ಯಾಗ ಕುಂತು ಅಂದ. "ಗಾಡಿ ಛಲೋ ಇತ್ತು. ನಡಸೋವ ಛಲೋ ಇರಲಿಲ್ಲ. ಕುಡದಿದ್ದ."

ಎಲುಬಿಲ್ಲದ ನಾಲಿಗಿ, ಹೆಂಗರೆ ಹೊಳ್ಳತೈತಿ! ಸಂಜಿ ಆಗೂದ್ರಾಗ ಊರೆಲ್ಲ ಅದನ ಮಾತು. ಕುಡದು ರೋಡಿನ ಮ್ಯಾಲ ಜೋಲಿ ಹೊಡೀತಿದ್ದನಂತ... ಲಾರಿಯವ ಏನ ಮಾಡ್ಯಾನ ಪಾಪ... ಹೇಳೋರಿಗೆ ನಾಚಿಕಿಲ್ಲ ಅಂದ್ರ ಕೇಳೋರಿಗೂ ಇಲ್ಲೇನು? ಹಂಪಣ್ಣನೂ ನಂಬಿದ. ಹಿಂದ ಒಮ್ಮೆ ರಾಯಚೂರಿನ್ಯಾಗ ಗೆಳೆಯರ ಜೋಡಿ ಕುಡದು ಸಿಕ್ಕಿದ್ದ ಹುಡುಗ, ಮೀಸಿ ಬರೋ ವಯಸ್ಸಿನ್ಯಾಗ. ಅಷ್ಟ. ಅದನ ಹಿಡಕೊಂಡ ಆ ಮುದುಕ. "ಕುಡುಕನ ಸಮಾಧಿಗೆ ಕಲ್ಲು ಇಡಂಗಿಲ್ಲ. ನಾಕ ಮಂದ್ಯಾಗ ನನ್ನ ಮಾನ ಕಳದ" ಅಂದ. ಹೊಲದಾಗ ಬರೇ ಮಣ್ಣಿನ ಗುಂಪಿ. ಮ್ಯಾಲ ಒಂದು ಲಿಂಗದ ಕಲ್ಲಿಲ್ಲ, ಹೆಸರಿಲ್ಲ. ನಾಯಿ ಮಕ್ಕೊಳ್ಳತಿದ್ದವು.

ಗಂಗಾಂಬಿಕಾ ಗದ್ವಾಲಿಂದ ಬಂದಾಕಿ ತಿರುಗಿ ಹೋಗಲಿಲ್ಲ. "ನನ್ನ ತಮ್ಮ ಕುಡದಿರಲಿಲ್ಲ. ಗಾಡ್ಯಾಗ ತಪ್ಪಿತ್ತು. ಅದನ್ನ ಅಪ್ಪನ ಬಾಯಿಲೆ ಅನಸೂತನ ಈ ಊರ ಬಿಡಂಗಿಲ್ಲ" ಅಂದಳು. ಅಪ್ಪ ಮಗಳು ಒಬ್ಬರ ಮಾರಿ ಒಬ್ಬರು ನೋಡತಿರಲಿಲ್ಲ. ಇಬ್ಬರದೂ ಒಂದ ಮೂಗು, ಒಂದ ಸಿಟ್ಟು. ಅದರಾಗ ಹಂಪಣ್ಣ ಕಾರನ್ನ ಮಾರಾಕ ನಿಂತ. ಗದ್ವಾಲಿಂದ ಒಬ್ಬ ಗಿರಾಕಿ, ಆಶಪ್ಪ ಅಂತ, ಮುಂಜಾನೆ ಬರಾವ. ಸಿದ್ದರಾಮೇಶನ ಗ್ಯಾರೇಜಿನ್ಯಾಗ ಗಾಡಿ ತೋರಿಸಿ ಅಲ್ಲಿಂದನ ಕಳಸೋದು ಅಂತ ಮಾತಾಗಿತ್ತು. ಕಾರ್ ಹೋತು ಅಂದ್ರ ಮುಗೀತು. ಗುರು ಕುಡುಕ ಅಂತನ ಮಣ್ಣಾಗ ಉಳೀತಾನ.

ಅದಕ ಆವತ್ತ ರಾತ್ರಿ ಸಿದ್ದರಾಮೇಶನ್ನ ಕೇಳಾಕ ಹೋಗಿದ್ದಳು. "ಖರೇ ಹೇಳು, ಆ ಗಾಳಿ ಡಬ್ಬಿ ಬಿಚ್ಚಿದ್ದೇನು?"

"ಅಕ್ಕಾರ, ನಾ ಹೇಳೋದು ಎಷ್ಟ ಸಲ? ಬಿಚ್ಚೀನ್ರಿ. ಸತ್ತವರ ಮ್ಯಾಲ ನಾ ಯಾಕ ಸುಳ್ಳ ಹೇಳ್ಲಿ?"

"ಬದುಕಿದ್ದವರ ಮ್ಯಾಲ ಹೇಳಿದವಗ ಸತ್ತವರು ಯಾವ ಲೆಕ್ಕೋ" ಅಂತ ಬೈದು, ಬಾಗಲ ದಪ್ ಅಂತ ಬಡದು ಬಂದಿದ್ದಳು.

ಈಗ ಬಾವಿ ಹತ್ರ ಆ ಸಪ್ಪಳ.

ಆಕಿ ಓಡಲಿಲ್ಲ. "ಗುರೂ..." ಅಂದಳು ಮೆಲ್ಲಕ. ಸಪ್ಪಳ ನಿಂತುಬಿಡ್ತು. ಆಲದ ಎಲಿ ಒಂದೂ ಅಲ್ಲಾಡಲಿಲ್ಲ. ಬಾವ್ಯಾಗ ಒಂದು ಹನಿ ನೀರು ಬಿದ್ದದ್ದು ಕೇಳಿಸ್ತು... ತೊಟ್.

ಮನಿಗೆ ಬಂದಳು. ಕಾರ್ ಅಂಗಳದಾಗ ತಾಡಪತ್ರಿ ಹೊಚಕೊಂಡು ನಿಂತಿತ್ತು. ಗುರು ಹೋದ ಮ್ಯಾಲ ತಂದು ನಿಲ್ಲಿಸಿದ್ದು, ಆಮ್ಯಾಲ ಅದನ್ನ ಯಾರೂ ಮುಟ್ಟಿರಲಿಲ್ಲ. ಸಮೀಪ ಹೋದಳು. ಟಿಕ್... ಟಿಕ್... ಟಿಕ್... ಬಿಸಿ ತಗಡು ಆರೋವಾಗ ಆಗೋ ಸಪ್ಪಳ. ತಾಡಪತ್ರಿ ಒಳಗ ಕೈ ಹಾಕಿ ಬಾನೆಟ್ ಮುಟ್ಟಿದಳು. ಈಗ ಒಲಿ ಮ್ಯಾಲಿಂದ ಇಳಿಸಿದ ಹಂಚಿನಂಗ ಬೆಚ್ಚಗಿತ್ತು. ನೀವೇನರೆ ಅನ್ರಿ. ಬೆಚ್ಚಗಿತ್ತು.

ಕಟ್ಟಿ ಮ್ಯಾಲ ಚನ್ನವೀರಮ್ಮ ಕುಂತಿದ್ದಳು, ಕತ್ತಲಾಗ. ಮಗ ಹೋದ ಮ್ಯಾಲ ಆ ಮುದುಕಿ ಸರಿಯಾಗಿ ಉಂಡಿರಲಿಲ್ಲ, ಒಲಿ ಮುಂದ ಕುಂತಿರಲಿಲ್ಲ. ಆಡತಿದ್ದ ಮಾತು ಒಂದ. ಆವತ್ತೂ ಅದನ ಅಂದಳು.

"ನಾ ರಕ್ಷಾ ಕಟ್ಟಿದ್ನಲ್ಲ ಗಂಗೀ... ಮಠದ್ದು. ಅದು ಯಾಕ ಸುಳ್ಳಾತು?"

ಗಂಗಾಂಬಿಕಾ, ಗಾಡಿ ಕನ್ನಡಿಗೆ ಕಟ್ಟಿದ ಕರಿ ದಾರದ ಮಾತು ಅಂತ ತಿಳಕೊಂಡಳು. "ರಕ್ಷಾ ಏನ ಮಾಡತೈತಿ ಬೇ, ಮನಿಶ್ಯಾರ ಕೆಟ್ಟೋರು ಇದ್ದಾಗ. ಚಾವಿ ಕೊಡು."

ಮುದುಕಿ ಎಲ್ಲಿಗೆ ಅಂತ ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು.

ಹಿತ್ತಲ ಕಡೆ ಹಂಪಣ್ಣ ಗೊರಕಿ ಹೊಡೀತಿದ್ದ. ಗಂಗಾಂಬಿಕಾ ಕಾರನ್ನ ದೂಡಿ ಓಣಿಗೆ ತಂದು ಆಮ್ಯಾಲ ಚಾಲು ಮಾಡಿದಳು. ಕಾರ್ ಹೊಡಿಯಾಕ ಆಕಿಗೆ ಕಲಿಸಿದವ ಗುರುನ. ಗೋಸಾಯಿ ಬಾವಿ ದಾಟೋವಾಗ ಅತ್ತಾಗ ನೋಡಲಿಲ್ಲ. ಗ್ಯಾರೇಜ್ ದಾಟಿತು, ಹತ್ತಿ ಹೊಲ ಬಂದವು. ರೋಡ್ ಖಾಲಿ. ಅರವತ್ತಕ್ಕ ತಂದು ಕಾಲನ್ನ ಕಲ್ಲಿನಂಗ ಹಿಡದು ಇಟ್ಟಳು.

ಹೂಂ... ಹೂಂಊಂ... ಹೂಂ...

ಮುಳ್ಳು ಏರಿತು. ಇಳೀತು. ಕುತಗಿ ಸ್ವಲ್ಪ ಹಿಂದ, ಸ್ವಲ್ಪ ಮುಂದ. ತೊಟ್ಟಲಾಗ ಕುಂತಂಗ. "ಹೇಳಿದ್ನಲ್ಲ ಭಾಡ್ಯಾ, ನನ್ನ ತಮ್ಮ ಹೇಳಿದ್ನಲ್ಲ" ಅಂತ ಆ ಸಿದ್ದರಾಮೇಶನ್ನ ಬೈಕೊಂತ ಹಲ್ಲು ಕಡದಳು. ಎಸಿ ಬಂದ್ ಮಾಡಿ ನೋಡಿದಳು. ಹಂಗ ಇತ್ತು. ಗೇರ್ ಇಳಿಸಿದಳು, ಏರಿಸಿದಳು. ಹಂಗ ಇತ್ತು. ಕಾಲು ಪೂರಾ ತಗದಳು...

ಟಪ್.

ಮುಂದ, ಬಾನೆಟ್ಟಿನ ಒಳಗ. ಕಬ್ಬಿಣದ ಸಪ್ಪಳ ಅಲ್ಲ. ಮೆತ್ತಗ. ಅರಿವಿ ಬಿದ್ದಂಗ. ಮತ್ತ ಕಾಲು ಇಟ್ಟು ಒಂದ ಸಮ ಹೊಂಟಳು. ಮತ್ತ ಏರಿ ಇಳಿಯಾಕ ಹತ್ತಿತು. ಕಾಲು ತಗದಳು... ಟಪ್. ಗಾಳಿ ಎಳಕೊಂಡಾಗ ಏನೋ ಎದ್ದು ಬಾಯಿ ಮುಚ್ಚತೈತಿ, ಬಿಟ್ಟಾಗ ಬೀಳತೈತಿ. ಅಷ್ಟ ತಿಳೀತು ಆಕಿಗೆ. ಗಾಡಿ ತಿರುಗಿಸಿದಳು.

ಗೋಸಾಯಿ ಬಾವಿ ಸಮೀಪ ಬಂತು. ಆಲದ ಬಿಳಲು ಲೈಟಿನ ಬೆಳಕಿಗೆ ಬೆಳ್ಳಗ ಕಂಡವು.

ಟಿಂಗ್... ಟಿಂಗ್... ಟಿಂಗ್...

ಮೀಟರಿನ್ಯಾಗ ಕೆಂಪು ದೀಪ. ಮಗ್ಗಲ ಸೀಟಿನ್ಯಾಗ ಯಾರರೆ ಕುಂತು ಬೆಲ್ಟ್ ಹಾಕಲಿಲ್ಲ ಅಂದ್ರ ಒದರತೈತಲ್ಲ, ಅದು. ಮಗ್ಗಲ ಸೀಟು ಖಾಲಿ ಇತ್ತು. ಒಂದು ಚೀಲ ಸೈತ ಇರಲಿಲ್ಲ.

ಟಿಂಗ್... ಟಿಂಗ್...

ಆಕಿ ಬೆನ್ನಾಗ ಬೆವರು ಇಳೀತು. ಆದ್ರ ಹೇಳಿದ್ನಲ್ಲ, ಸಿಟ್ಟಿನ ಹೆಣ್ಣು. ಮಗ್ಗಲಿಗೆ ನೋಡದನ ಗದರಿಸಿದಳು.

"ಕುಂತಿದ್ದೀ ಅಂದ್ರ ಬೆಲ್ಟ್ ಹಾಕ್ಕೋ."

ಸರ್ರ್... ಅಂತ ಪಟ್ಟಿ ಎಳದ ಸಪ್ಪಳ. ಖಟ್.

ಟಿಂಗ್ ಅನ್ನೋದು ನಿಂತುಬಿಡ್ತು.

ಆಕಿ ಗಾಡಿನ ಆಲದ ಮರದ ಬುಡಕ್ಕ, ರೋಡ್ ಬಿಟ್ಟು ಕೆಳಗ ಇಳಿಸಿ ನಿಲ್ಲಿಸಿದಳು. ಕಿವಿ ಹತ್ರ ತಣ್ಣಗ ಗಾಳಿ ಬಂತು. ಪಿಸಿ ಪಿಸಿ ಮಾತು.

"ಅಕ್ಕಾ... ಮನಿಗೆ ನಡಿ."

"ಇದರಾಗ ಏನೈತಿ ಹೇಳು."

"ಏನಿಲ್ಲ."

"ಸುಳ್ಳ ಹೇಳಬ್ಯಾಡ. ನಾ ಕೇಳೀನಿ ಈಗ, ನನ್ನ ಕಿವಿಲೆ."

"ಏನಿಲ್ಲ ಅಕ್ಕಾ. ಕುಡದಿದ್ದೆ ಅಂತ ತಿಳಕೋ."

ನೋಡ್ರಿ... ಆಕಿಗೆ ಏನ ಆಗಿರಬೇಕು. ಯಾರ ಸಲುವಾಗಿ ಊರ ಜೋಡಿ ಜಗಳ ಆಡ್ಯಾಳ, ಹೆತ್ತ ಅಪ್ಪನ ಜೋಡಿ ಮಾತು ಬಿಟ್ಟಾಳ, ಅಂವನ ಬಂದು ಕುಡದಿದ್ದೆ ಅನ್ನು ಅಂತಾನ! ಕಣ್ಣೀರು ತಾನ ಇಳೀತು. "ನಿನ್ನ ಮಣ್ಣಿನ ಮ್ಯಾಲ ನಾಯಿ ಮಕ್ಕೊಂಡಾವೋ ಖೋಡಿ! ಒಂದು ಕಲ್ಲಿಲ್ಲ ನಿನಗ. ಗೊತ್ತೈತೇನು?"

"ಇರಲಿ ಬಿಡು."

"ಯಾಕ ಇರಲಿ?"

ಆಕಿ ಬಾಗಲ ತಗದು ಇಳದಳು. ಹಿಂದಿನ ಡಿಕ್ಕ್ಯಾಗ ತಮ್ಮನ ಪಾನಾ ಚೀಲ ಇತ್ತು, ತಗದಳು. ಬಾನೆಟ್ ಎತ್ತಿದಳು. ಮೊಬೈಲ್ ಲೈಟನ್ನ ಹಲ್ಲಿನ್ಯಾಗ ಕಚ್ಚಿ ಹಿಡದಳು. ಮುಂದ ಜಾಳಿಗಿ ಹಿಂದ ಒಂದು ಕರಿ ಬಾಯಿ, ಅಂಗೈ ಹೋಗೋವಷ್ಟು. ಅಲ್ಲಿಂದನ ಗಾಳಿ ಒಳಗ ಹೋಗೋದು. ಬಾಯಿ ಹಿಂದ ಕರೀ ಡಬ್ಬಿ. ಅದರ ಮ್ಯಾಲಿನ ತಿರುಪಿನ ತಲಿಗೆ ನಕ್ಷತ್ರದಂಗ ಆರು ಮೂಲಿ ಇದ್ದವು. ಸಾದಾ ಪಾನಾ ಹತ್ತಂಗಿಲ್ಲ. ಪ್ರತಿ ತಿರುಪಿನ ತಗ್ಗಿನ್ಯಾಗ ಹಳೀ ಧೂಳು ಗಟ್ಟಿಯಾಗಿ ಕುಂತಿತ್ತು. ಅದನ್ನ ಪಿನ್ನಿಲೆ ಕೆರದು ತಗದಮ್ಯಾಲನ ಪಾನಾ ಒಳಗ ಹೋತು. ಆ ಡಬ್ಬಿನ ಯಾರೂ, ಎಂದೂ ಬಿಚ್ಚಿರಲಿಲ್ಲ. ಬಿಚ್ಚೀನಿ ಅಂದಿದ್ದನಲ್ಲ ಆ ಸುಳ್ಳ ಬುರುಕ!

"ತಗಿಬ್ಯಾಡ ಅಕ್ಕಾ..." ಈಗ ದನಿ ಬಾನೆಟ್ಟಿನ ಆ ಕಡೆಯಿಂದ ಬಂತು. ಅಂವ ಆವತ್ತು ನಿಂತಿದ್ದ ಕಡೆಯಿಂದ.

"ಸರಿ ಅತ್ತಾಗ" ಅಂದಳು. ಮುಚ್ಚಳ ಎತ್ತಿದಳು.

ಒಳಗ ಒಂದು ಗಂಟು. ಮುಷ್ಟಿಯಷ್ಟು. ನಾರಾಯಣಪೇಟೆ ಸೀರಿ ಚುಂಗು, ಹಸರು ಒಡಲು, ಕುಂಕುಮದ ಬಣ್ಣದ ದಡಿ. ಮ್ಯಾಲ ಮೂರು ಗಂಟು, ಒಂದರ ಮ್ಯಾಲ ಒಂದು, ಕೊನಿ ಒಳಗ ಮಡಚಿ. ಹಂಗ ಗಂಟು ಹಾಕೋರು ಆ ಮನ್ಯಾಗ ಒಬ್ಬಾಕಿನ. ಕೈಯಾಗ ಹಿಡದ ಕೂಡಲೆ ವಿಭೂತಿ ಉದರಿತು.

ಆಕಿ ಬಾಯಿಯಿಂದ ಮೊಬೈಲ್ ಬಿತ್ತು.

ನಿಮಗೂ ತಿಳೀತಲ್ಲ? ಮೊದಲ ಅಮಾಸಿಗೆ ಗಾಡಿಗೆ ಪೂಜಿ ಮಾಡಿ, ಬೂದಗುಂಬಳ ಒಡದು, ದೃಷ್ಟಿ ತಗದರಲ್ಲ, ಆವಾಗ ಇಟ್ಟದ್ದು. ನಮ್ಮೋರು ಗಾಲಿಗೆ ನಿಂಬಿಕಾಯಿ ಇಡತಾರ, ಕನ್ನಡಿಗೆ ದಾರ ಕಟ್ಟತಾರ. ಚನ್ನವೀರಮ್ಮ ಇನ್ನೂ ಒಳಗ ಹೋಗಿದ್ದಳು, ಆ ಕರಿ ಬಾಯಾಗ ಕೈ ಹಾಕಿ ಗಂಟು ತುರುಕಿದ್ದಳು.

ಪಿಸಿ ದನಿ ಬಂತು. ಅಳೋ ಹುಡುಗನ ದನಿಯಂಗ ಇತ್ತಂತ. "ನಾನ ತೋರಿಸಿದೆ ಅಕ್ಕಾ. ಇದರ ಮೂಗು ಎಲ್ಲೈತೋ ತಮ್ಮಾ ಅಂತ ಕೇಳಿದಳು. ನಕ್ಕೊಂತ ತೋರಿಸಿದೆ. ಕೆಟ್ಟ ಗಾಳಿ ಮೂಗಿಲೇ ಹೋಗತೈತಿ ಅಂತ... ಅಲ್ಲಿ ಇಟ್ಟಾಳ. ನನಗೂ ಗೊತ್ತಿರಲಿಲ್ಲ, ಆಮ್ಯಾಲನ ಗೊತ್ತಾತು. ಅವ್ವಗ ಹೇಳಬ್ಯಾಡ. ಕುಡದಿದ್ದೆ ಅನ್ನು. ನನಗೇನ ಆಗತೈತಿ ಈಗ?"

"ನನಗ ಆಗತೈತಿ!" ಅಂತ ಆಕಿ ಒದರಿದಳು. ಆ ಕತ್ತಲಾಗ, ಆ ಬಾವಿ ದಂಡಿಮ್ಯಾಲ. "ನನಗ ಆಗತೈತೋ ಗುರೂ!"

ಗಾಡಿ ಒಳಗ ಖಟ್ ಅಂತು. ಸರ್ರ್... ಪಟ್ಟಿ ತಿರುಗಿ ಸುತ್ತಿಕೊಂಡ ಸಪ್ಪಳ. ಆಮ್ಯಾಲ ಏನೂ ಇಲ್ಲ. ಬರೇ ಜೀರುಂಡಿ.

ಗಂಟನ್ನ ಸೆರಗಿನ್ಯಾಗ ಕಟಗೊಂಡಳು. ಡಬ್ಬಿ ಮುಚ್ಚಿ ತಿರುಪು ಬಿಗಿದಳು. ಸಿದ್ದರಾಮೇಶನ ಗ್ಯಾರೇಜಿನ ಮುಂದ ಗಾಡಿ ಹಚ್ಚಿ ಒಳಗ ಕುಂತಳು. ಗಂಟು ತೋರಿಸಿದರ ತಮ್ಮನ ಹೆಸರು ಉಳೀತೈತಿ, ಅವ್ವ ಉಳಿಯಂಗಿಲ್ಲ. ತೋರಿಸದಿದ್ದರ ಅವ್ವ ಉಳೀತಾಳ, ತಮ್ಮ ಕುಡುಕ. ಮೂಡಲ ಬೆಳ್ಳಗಾಗೂತನ ಅದನ ಲೆಕ್ಕ.

ಮುಂಜಾನೆ ಹಂಪಣ್ಣ ಬಂದ, ಜೋಡಿ ಗದ್ವಾಲಿನ ಆಶಪ್ಪ. ಮಗಳನ್ನ ಗಾಡಿ ಒಳಗ ನೋಡಿ ಮುದುಕನ ಮಾರಿ ಕೆಂಪಾತು. "ಯಾರನ್ನ ಕೇಳಿ ತಂದಿ?" ಅಂತ ಎಗರಿದ.

"ಬೈಯೋದು ಆಮ್ಯಾಲ ಇರಲಿ ಅಪ್ಪಾ. ಮೊದಲ ಇಂವನ್ನ ಒಂದ ಮಾತು ಕೇಳತೀನಿ, ನಿನ್ನ ಮುಂದ." ಸಿದ್ದರಾಮೇಶ ಹಲ್ಲು ತಿಕ್ಕೊಂತ ಹೊರಗ ಬಂದಿದ್ದ. ಆಕಿ ಇಳದು ಮುಚ್ಚಿದ ಬಾನೆಟ್ಟಿನ ಮ್ಯಾಲ ಕೈ ಊರಿ ನಿಂತಳು. "ನೀ ಗಾಳಿ ಡಬ್ಬಿ ಬಿಚ್ಚಿದ್ದೆಲ್ಲಪಾ?"

"ಹೌದ್ರಿ ಅಕ್ಕಾರ. ಇನ್ನ ಎಷ್ಟ ಸಲ..."

"ಅದರ ತಿರುಪಿನ ತಲಿ ಹೆಂಗೈತಿ?"

ಅಂವ ನಕ್ಕ. "ಹೆಂಗಿರತೈತ್ರಿ? ಪ್ಲಸ್. ಎಲ್ಲಾ ಗಾಡಿಗೂ ಇರೋದು ಅದನ."

ಆಕಿ ಬಾನೆಟ್ ಎತ್ತಿದಳು. ಆಶಪ್ಪ ಬಗ್ಗಿ ನೋಡಿ, "ಪ್ಲಸ್ ಕಾದು ಕದಾ ಇದಿ?" ಅಂದ ತೆಲುಗಿನ್ಯಾಗ, ಇದು ಪ್ಲಸ್ ಅಲ್ಲಲ್ಲ ಅಂತ. ಹಂಪಣ್ಣನೂ ಬಗ್ಗಿದ. ಆರು ಮೂಲಿ ತಿರುಪು ಎಲ್ಲಾರಿಗೂ ಕಂಡವು. ಸಿದ್ದರಾಮೇಶನ ಬಾಯಾಗಿನ ನೊರಿ ಗದ್ದದ ಮ್ಯಾಲ ಇಳೀತು.

"ಅದು... ಗಡಬಡಿ ಇತ್ರಿ ಆವತ್ತು. ಕಂಪ್ಯೂಟರ್ ತಪ್ಪಿಲ್ಲ ಅಂದಮ್ಯಾಲ ಯಾಕ ಬಿಚ್ಚೋದು ಅಂತ..."

"ಬಿಚ್ಚಿದ್ರ ನನ್ನ ತಮ್ಮ ಇರತಿದ್ನೋ! ಒಳಗ ಗಾಳಿಗೆ ಅಡ್ಡ ಆಗಿತ್ತು. ಅದಕ ಹಂಗ ಏರಿ ಇಳೀತಿತ್ತು. ಅದನ್ನ ನೋಡಾಕ ಇಳದು ಸತ್ತ. ನಿನ್ನ ಸುಳ್ಳ ಮುಚ್ಚಿಕೊಳ್ಳಾಕ ಅಂವನ್ನ ಕುಡುಕ ಮಾಡಿದೇನು?" ಆಕಿ ದನಿಗೆ ರೋಡಿನ ಮ್ಯಾಲ ಹೋಗೋರೆಲ್ಲ ನಿಂತಿದ್ದರು. ನಿಲ್ಲಲಿ. ಕುಡುಕ ಅಂದೋರು ಇದನ್ನೂ ಕೇಳಲಿ.

ಹಂಪಣ್ಣ ಮಗಳ ಕಡೆ ತಿರುಗಿದ. ದನಿ ಸಣ್ಣ ಆಗಿತ್ತು. "ಒಳಗ... ಏನಿತ್ತು?"

ಗಂಗಾಂಬಿಕಾ 'ಗಂಟು' ಅನ್ನಾಕ ಬಾಯಿ ತಗದಳು. ಸೆರಗಿನ ಗಂಟನ್ನ ಮುಷ್ಟ್ಯಾಗ ಹಿಡದಿದ್ದಳು. ಅಪ್ಪನ ಸಿಟ್ಟು ಆಕಿಗೆ ಗೊತ್ತು. ಆ ಸಿಟ್ಟು ಸಿದ್ದರಾಮೇಶನ್ನ ಬಿಟ್ಟು ಅವ್ವನ ಮ್ಯಾಲ ತಿರುಗತೈತಿ ಅನ್ನೋದೂ ಗೊತ್ತು.

"ಇಲಿ ಗೂಡು" ಅಂದಳು. "ಇಲಿ ಗೂಡ ಕಟ್ಟಿತ್ತಪ್ಪಾ. ತಗದು ಒಗದೆ."

ಹಂಪಣ್ಣ ಕಾಲಾಗಿನ ಚಪ್ಪಲಿ ತಗದು ಎತ್ತಿದ. ಸಿದ್ದರಾಮೇಶ ಹಿಂದ ಸರದ. ಆದ್ರ ಮುದುಕನ ಕೈ ಅಲ್ಲೇ ನಿಂತಿತು, ಚಪ್ಪಲಿ ಜಾರಿ ಬಿತ್ತು. ಅಲ್ಲಿದ್ದ ಹಳೀ ಟಾಯರಿನ ಮ್ಯಾಲ ಕುಂತುಬಿಟ್ಟ. "ಕುಡದಿರಲಿಲ್ಲ... ನನ್ನ ಮಗ ಕುಡದಿರಲಿಲ್ಲ" ಅಂದ. ಮತ್ತ ಮತ್ತ ಅದನ. ಆಶಪ್ಪ ನೀರು ತಂದು ಕೊಟ್ಟ, ಕುಡೀಲಿಲ್ಲ.

ಆಕಿಗೆ ಬೇಕಾದ ಮಾತು ಸಿಕ್ಕಿತ್ತು. ಗಾಡಿ ಅಲ್ಲೇ ಬಿಟ್ಟು ಮನಿಗೆ ನಡದಳು, ಎಲ್ಲೂ ನಿಲ್ಲಲಿಲ್ಲ.

ಇನ್ನ ಮುಂದಿಂದು ನಾ ಕಣ್ಣಾರೆ ನೋಡಿದ್ದು. ಯಾರದೋ ಬಾಯಿಂದ ಕೇಳಿದ್ದಲ್ಲ. ನಾ ಅವರ ಕಟ್ಟಿ ಮ್ಯಾಲ ಕುಂತು ಜ್ವಾಳ ಹಸನ ಮಾಡತಿದ್ದೆ, ಬಿಸಲಿಗೆ. ಬಾಗಲ ನನ್ನ ಎದುರಿಗೇ ಇತ್ತು. ಯಾರೂ ಒಳಗ ಹೋಗಲಿಲ್ಲ, ಯಾರೂ ಹೊರಗ ಬರಲಿಲ್ಲ. ಒಳಗಿಂದ ಪಟ್ ಪಟ್ ಪಟ್ ಅಂತ ರೊಟ್ಟಿ ಬಡಿಯೋ ಸಪ್ಪಳ ಬರಾಕ ಹತ್ತಿತ್ತು. ನನಗ ಆಶ್ಚರ್ಯ. ಚನ್ನವೀರಮ್ಮ ಒಲಿ ಮುಂದ ಕುಂತಾಳ!

ಗಂಗಾಂಬಿಕಾ ಬಂದಳು. ಆಕಿ ಜೋಡಿ ನಾನೂ ಒಳಗ ಹೋದೆ. ಮುದುಕಿ ತಲಿ ಬಾಚಿ, ಹಣಿಗೆ ವಿಭೂತಿ ಹಚಗೊಂಡು ಕುಂತಿದ್ದಳು. ನಮ್ಮನ್ನ ನೋಡಿ, "ಬಂದೇನು? ಗಾಡ್ಯಾಗ ಇಲಿ ಗೂಡಿತ್ತಂತಲ್ಲ ಗಂಗೀ" ಅಂದಳು.

ಗಂಗಾಂಬಿಕಾ ಹೊಸ್ತಿಲ ಮ್ಯಾಲನ ನಿಂತಳು. ಆ ಮಾತು ಹುಟ್ಟಿದ್ದು ಈಗ, ಗ್ಯಾರೇಜಿನ್ಯಾಗ, ಆಕಿ ಬಾಯಾಗ. ಮುದುಕಿಗೆ ಫೋನ್ ಹಿಡಿಯಾಕ ಬರಂಗಿಲ್ಲ. ಹಂಪಣ್ಣ ಇನ್ನೂ ಅಲ್ಲೇ ಕುಂತಿದ್ದ.

"ಯಾರ ಹೇಳಿದ್ರು ಬೇ?"

"ಇನ್ನ ಯಾರ ಹೇಳತಾರ? ಗುರು ಬಂದಿದ್ದ. ಚಾ ಮಾಡು ಅಂದ, ಕುಡದು ಹೋದ." ರೊಟ್ಟಿ ತಿರುವಿ ಹಾಕಿದಳು. "ನೀ ಇಟ್ಟ ವಿಭೂತಿ ಗಂಟನ್ನ ಇಲಿ ಎಳಕೊಂಡು ಹೋಗಿತ್ತವ್ವಾ, ಅದಕ ಹಿಂಗಾತು ಅಂದ. ನಿನ್ನ ರಕ್ಷಾ ಇದ್ದಿದ್ರ ಆಗತಿರಲಿಲ್ಲ ಅಂದ. ಹೌದೇನು?"

ಗಂಗಾಂಬಿಕಾ ಸೆರಗನ್ನ ಹೊಟ್ಟಿಗೆ ಒತ್ತಿ ಹಿಡದಿದ್ದಳು. ಆ ಸೆರಗಿನ್ಯಾಗ ಏನಿತ್ತು ಅನ್ನೋದು ನನಗ ಆವಾಗ ಗೊತ್ತಿರಲಿಲ್ಲ, ಆಮ್ಯಾಲ ಆಕಿನ ಹೇಳಿದಳು. ಬೆರಳಿನ ಸಂದಿಯಿಂದ ಬೆಳ್ಳನ ಬೂದಿ ಉದರಿದ್ದು ಮಾತ್ರ ಕಂಡಿತ್ತು.

"ಹೌದವ್ವಾ" ಅಂದಳು. "ಇಲಿನ."

ಮುದುಕಿ ಆವತ್ತು ಎರಡ ರೊಟ್ಟಿ ಉಂಡಳು. ನನ್ನ ಮುಂದ ಕುಂತು ಉಂಡಳು.

ಒಲಿ ಮಗ್ಗಲಿಗೆ ಒಂದು ಗ್ಲಾಸ್ ಇತ್ತು. ಮುದುಕಿ ಕನಸು ಕಂಡಾಳ, ತಾನ ಚಾ ಮಾಡಕೊಂಡು ಕುಡದಾಳ ಅಂತ ನಾನೂ ಅನಕೊಂಡೆ. ನಾನೇನು ಹುಚ್ಚಿ ಅಲ್ಲ. ತೊಳದರಾತು ಅಂತ ಎತ್ತಿದೆ. ಗ್ಲಾಸ್ ಇನ್ನೂ ಬೆಚ್ಚಗಿತ್ತು. ತಳದಾಗ ಕರಗದ ಸಕ್ಕರಿ ಉಳದಿತ್ತು, ಬೆರಳ ಹಾಕಿ ನೆಕ್ಕಿ ನೋಡೀನಿ. ಗಂಡ ಹೆಂಡತಿ ಇಬ್ಬರಿಗೂ ಸಕ್ಕರಿ ರೋಗ. ಆ ಮನ್ಯಾಗ ಸಕ್ಕರಿ ತರೋದು ಬಿಟ್ಟು ವರ್ಷಗಟ್ಟಲೆ ಆಗಿತ್ತು. ಡಬ್ಬಿ ಎಲ್ಲಾ ತಗದು ನೋಡಿದೆ, ಒಂದು ಕಾಳು ಸಿಗಲಿಲ್ಲ. ನಂಬೋರು ನಂಬ್ರಿ, ಬಿಡೋರು ಬಿಡ್ರಿ. ನನ್ನ ನಾಲಿಗಿ ಮ್ಯಾಲ ಅದು ಸಿಹಿ ಇತ್ತು.